ಸಿಲೋಸೋ ಕೋಟೆಗೆ ಹೋಗುತ್ತೀರಾ? ಅರ್ಧ ದಿನ ಇಟ್ಟುಕೊಳ್ಳಿ

ಸಿಂಗಾಪುರಕ್ಕೆ ಹೋದ ನಮ್ಮವರು ಸೆಂಟೋಸಾ ದ್ವೀಪ ನೋಡದೆ ಬರುವುದು ಅಪರೂಪ. ಆಟದ ಪಾರ್ಕು, ಮೀನಿನ ಮನೆ, ಕೇಬಲ್ ಕಾರು, ಬೀಚು, ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ಅದೇ ದ್ವೀಪದ ಪಶ್ಚಿಮದ ತುದಿಯಲ್ಲಿ, ಬೀಚಿನಿಂದ ಹತ್ತೇ ನಿಮಿಷದ ದೂರದಲ್ಲಿ, ಎರಡನೇ ಮಹಾಯುದ್ಧ ಕಂಡ ಒಂದು ಕೋಟೆ ಇದೆ. ಹೆಸರು ಫೋರ್ಟ್ ಸಿಲೋಸೋ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಆದರೂ ಹೆಚ್ಚಿನವರು ಮೇಲಿನ ಸೇತುವೆಯಲ್ಲಿ ಒಂದು ಫೋಟೋ ತೆಗೆದುಕೊಂಡು ಹಾಗೇ ವಾಪಸ್ ಬರುತ್ತಾರೆ.

ನಾನೂ ಮೊದಲ ಸಲ ಹಾಗೇ ಬಂದಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಿಸಿಲಿಗೆ ಅವರು ಸುಸ್ತಾದರು. ಎರಡು ಫಿರಂಗಿ ನೋಡಿ ಇಳಿದುಬಿಟ್ಟೆವು. ಎರಡನೇ ಸಲ ಒಬ್ಬನೇ, ಬೆಳಿಗ್ಗೆಯೇ ಹೋದೆ. ಆಗ ಗೊತ್ತಾಯಿತು, ಈ ಕೋಟೆಯನ್ನು ಸರಿಯಾದ ಸಾಲಿನಲ್ಲಿ ನೋಡಬೇಕು. ಮೊದಲು ಸಮುದ್ರ, ಆಮೇಲೆ ಫಿರಂಗಿ, ಆಮೇಲೆ ನೆಲದ ಕೆಳಗಿನ ಸುರಂಗ, ಕೊನೆಗೆ ಶರಣಾಗತಿಯ ಕೋಣೆಗಳು. ಈ ಸಾಲು ತಪ್ಪಿದರೆ ಅಲ್ಲಿ ಹಳೆಯ ಕಬ್ಬಿಣ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೊರಡುವ ಮುನ್ನ ಇಷ್ಟು ತಿಳಿದಿರಲಿ

ಸೆಂಟೋಸಾ ಅನ್ನುವ ಹೆಸರು ಹೊಸದು. 1970ರ ದಶಕದವರೆಗೂ ಇದು ಪುಲಾವ್ ಬ್ಲಾಕಾಂಗ್ ಮಾತಿ. ಮಲಯ ಭಾಷೆಯಲ್ಲಿ ಪುಲಾವ್ ಅಂದರೆ ದ್ವೀಪ, ಬ್ಲಾಕಾಂಗ್ ಅಂದರೆ ಹಿಂದೆ, ಮಾತಿ ಅಂದರೆ ಸಾವು. ಆ ಹೆಸರು ಹೇಗೆ ಬಂತು ಎಂಬುದಕ್ಕೆ ಕಡಲ್ಗಳ್ಳರ ಕಥೆಯೂ ಇದೆ, ಮಲೇರಿಯಾದ ಕಥೆಯೂ ಇದೆ. ಪ್ರವಾಸಿಗರನ್ನು ಕರೆಯಲು ಹೊರಟಾಗ ಸಾವಿನ ಹೆಸರು ತೆಗೆದು ಸೆಂಟೋಸಾ ಎಂದು ಇಟ್ಟರು. ಮಲಯದಲ್ಲಿ ಅದಕ್ಕೆ ಶಾಂತಿ, ನೆಮ್ಮದಿ ಎಂಬ ಅರ್ಥ. ಮೂಲ ಮಾತ್ರ ಸಂಸ್ಕೃತದ್ದು, ನಾವು ದಿನಾ ಆಡುವ ‘ಸಂತೋಷ’ ಎಂಬ ಪದವೇ.

ಕೋಟೆ ಕಟ್ಟಿದ್ದು ಬ್ರಿಟಿಷರು, 1870ರ ದಶಕದಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಪೂರ್ವಕ್ಕೆ ಹಡಗುಗಳ ಓಡಾಟ ಜಾಸ್ತಿಯಾಯಿತು. ಆ ಹಡಗುಗಳಿಗೆ ಕಲ್ಲಿದ್ದಲು ಬೇಕು, ನಿಲ್ಲಲು ಬಂದರು ಬೇಕು. ಸಿಂಗಾಪುರದ ಬಂದರಿಗೆ, ಅಂದರೆ ಇವತ್ತಿನ ಕೆಪ್ಪೆಲ್ ಬಂದರಿಗೆ, ಪಶ್ಚಿಮದಿಂದ ಬರುವ ದಾರಿ ತುಂಬ ಕಿರಿದು. ಆ ಬಾಯಿಗೆ ಕಾವಲಾಗಿ ಈ ಗುಡ್ಡದ ನೆತ್ತಿ ತಗ್ಗಿಸಿ ಫಿರಂಗಿ ಕೂರಿಸಿದರು. ಎದುರು ದಡದ ಪಾಸಿರ್ ಪಂಜಾಂಗ್‌ನಲ್ಲಿ ಇನ್ನೊಂದು ಕೋಟೆ. ಎರಡರ ನಡುವೆ ಶತ್ರುವಿನ ಹಡಗು ನುಸುಳಿದರೆ ಎರಡೂ ಕಡೆಯಿಂದ ಗುಂಡು. ಎಷ್ಟೋ ವರ್ಷ ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಸಿಂಗಾಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇದೆ. ವರ್ಷವಿಡೀ ಒಂದೇ ಸೆಕೆ. ನಮ್ಮ ಮಂಗಳೂರಿನ ಏಪ್ರಿಲ್ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೇ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೂ ಮಾಮೂಲು. ನವೆಂಬರ್‌ನಿಂದ ಜನವರಿಯವರೆಗೆ ಮಳೆ ಇನ್ನೂ ಜಾಸ್ತಿ. ಅದಕ್ಕೇ ಬೆಳಿಗ್ಗೆ ಹತ್ತರ ಹೊತ್ತಿಗೆ ಕೋಟೆಯಲ್ಲಿರುವಂತೆ ಹೊರಡಿ. ಒಳಗಿನ ಪ್ರದರ್ಶನಗಳು ಸಂಜೆ ಮುಚ್ಚುತ್ತವೆ, ಹಾಗಾಗಿ ‘ಬೀಚ್ ಮುಗಿಸಿಕೊಂಡು ಹೋಗೋಣ’ ಎಂದುಕೊಂಡರೆ ಬಾಗಿಲು ಹಾಕಿರುತ್ತದೆ. ಸಮಯ ಆಗಾಗ ಬದಲಾಗುವುದರಿಂದ ಹಿಂದಿನ ದಿನ ಸೆಂಟೋಸಾದ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಒಬ್ಬೊಬ್ಬರಿಗೂ ಒಂದು ಲೀಟರ್ ನೀರು ಬೇಕೇ ಬೇಕು. ಸಿಂಗಾಪುರದಲ್ಲಿ ನಲ್ಲಿಯ ನೀರನ್ನೇ ಕುಡಿಯಬಹುದು, ಬಾಟಲಿ ತುಂಬಿಸಿಕೊಂಡು ಹೊರಟರೆ ಸಾಕು. ಟೋಪಿ, ಸಣ್ಣ ಛತ್ರಿ, ಸೊಳ್ಳೆಗೆ ಹಚ್ಚುವ ಮುಲಾಮು ಇರಲಿ. ಕೋಟೆಯ ಸುತ್ತ ದಟ್ಟ ಕಾಡು, ಸುರಂಗದ ಬಾಯಲ್ಲಿ ತೇವ. ಚಪ್ಪಲಿಗಿಂತ ಹಿಡಿತವಿರುವ ಶೂ ಒಳ್ಳೆಯದು. ಮಳೆ ಬಿದ್ದ ಮೇಲೆ ಅಲ್ಲಿನ ಇಳಿಜಾರು ಜಾರುತ್ತದೆ.

ದಾರಿ

ಮೆಟ್ರೋದಲ್ಲಿ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ಬನ್ನಿ. ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಅಲ್ಲೇ ಕೊನೆಯಾಗುತ್ತದೆ. ನಿಲ್ದಾಣದ ಮೇಲೆಯೇ ವಿವೋಸಿಟಿ ಮಾಲ್. ಅಲ್ಲಿಂದ ದ್ವೀಪ ಸೇರಲು ಮೂರು ದಾರಿ. ಮಾಲ್‌ನ ಮೂರನೇ ಮಹಡಿಯಿಂದ ಹೊರಡುವ ಮೊನೋರೈಲಿಗೆ 4 ಸಿಂಗಾಪುರ ಡಾಲರ್, ಬರುವಾಗ ಟಿಕೆಟ್ ಬೇಕಿಲ್ಲ. ಕೇಬಲ್ ಕಾರು ತುಂಬ ದುಬಾರಿ. ಇನ್ನೊಂದು ನಡೆದು ದಾಟುವ ಬೋರ್ಡ್‌ವಾಕ್. ಮಕ್ಕಳು, ಹಿರಿಯರು ಇದ್ದರೆ ಮೊನೋರೈಲೇ ಸರಿ. ಕೊನೆಯ ನಿಲ್ದಾಣವಾದ ಬೀಚ್ ಸ್ಟೇಷನ್‌ನಲ್ಲಿ ಇಳಿಯಿರಿ. ದ್ವೀಪದೊಳಗಿನ ಬಸ್ಸುಗಳು ಉಚಿತ. ‘ಸಿಲೋಸೋ ಪಾಯಿಂಟ್’ ಕಡೆಗೆ ಹೋಗುವುದನ್ನು ಕೇಳಿ ಹತ್ತಿ. ನಡೆಯುವವರಾದರೆ ಸಿಲೋಸೋ ಬೀಚಿನ ಉದ್ದಕ್ಕೂ ಪಶ್ಚಿಮಕ್ಕೆ ನಡೆದರೂ ಆಯಿತು, ಮರದ ನೆರಳಿದೆ.

ಸಿಲೋಸೋ ಪಾಯಿಂಟ್‌ನಲ್ಲಿ ಇಳಿದರೆ ಎತ್ತರದ ಒಂದು ಗೋಪುರ ಕಾಣುತ್ತದೆ. ಅದರೊಳಗಿನ ಲಿಫ್ಟು ನಿಮ್ಮನ್ನು ಸ್ಕೈವಾಕ್‌ಗೆ ತಲುಪಿಸುತ್ತದೆ. 181 ಮೀಟರ್ ಉದ್ದ, ಹನ್ನೊಂದು ಮಹಡಿಯಷ್ಟು ಎತ್ತರ, ಮರಗಳ ತಲೆಯ ಮೇಲೆ ಹಾದುಹೋಗುವ ಉಕ್ಕಿನ ಸೇತುವೆ. ಇದಕ್ಕೂ ದುಡ್ಡಿಲ್ಲ. ಮೆಟ್ಟಿಲೂ ಇದೆ, ಆದರೆ ಕಾಲಿನ ಬಲವನ್ನು ಒಳಗೆ ಓಡಾಡಲು ಉಳಿಸಿಕೊಳ್ಳಿ. ಗುಡುಗು ಸಿಡಿಲು ಇದ್ದರೆ ಆ ಎತ್ತರದಲ್ಲಿ ನಿಲ್ಲಬೇಡಿ, ಕೆಳಗೆ ಕಾದು ಆಮೇಲೆ ಹತ್ತಿ.

ಮೊದಲು ಸಮುದ್ರ ನೋಡಿ

ಸೇತುವೆಯ ಮೇಲೆ ಎಲ್ಲರೂ ಮೊಬೈಲ್ ಎತ್ತುತ್ತಾರೆ. ನೀವು ಒಂದೈದು ನಿಮಿಷ ಸುಮ್ನೆ ನಿಂತು ನೀರನ್ನು ನೋಡಿ. ಕೆಳಗೆ ಹಡಗುಗಳು ಸಾಲಾಗಿ ನಿಂತಿರುತ್ತವೆ. ಒಂದು ಕಡೆ ಸಿಂಗಾಪುರದ ಮುಖ್ಯ ದಡ, ಅಲ್ಲಿನ ಹಸಿರು ಗುಡ್ಡವೇ ಲ್ಯಾಬ್ರಡಾರ್ ಪಾರ್ಕ್, ಪಾಸಿರ್ ಪಂಜಾಂಗ್ ಕೋಟೆ ಇದ್ದ ಜಾಗ. ಇನ್ನೊಂದು ಕಡೆ ತೆರೆದ ಕಡಲು, ಸಣ್ಣ ಸಣ್ಣ ದ್ವೀಪಗಳು. ಅವುಗಳಲ್ಲಿ ತೈಲದ ಟ್ಯಾಂಕುಗಳಿರುವುದು ಬುಕೊಮ್ ದ್ವೀಪ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಬ್ರಿಟಿಷ್ ಅಧಿಕಾರಿಯ ಕಣ್ಣಿಂದ ನೋಡಿ. ಶತ್ರು ಬಂದರೆ ಹಡಗಿನಲ್ಲೇ ಬರಬೇಕು. ಹಡಗು ಬಂದರೆ ಈ ನೀರಿನ ದಾರಿಯಲ್ಲೇ ಬರಬೇಕು. ನಿಂತಲ್ಲಿಂದ ಎಲ್ಲವೂ ಕಾಣುತ್ತದೆ. ಆ ನಂಬಿಕೆ ಎಷ್ಟು ಸಹಜ ಎಂದು ಇಲ್ಲಿ ನಿಂತಾಗ ಮಾತ್ರ ಅರ್ಥವಾಗುತ್ತದೆ.

ಫಿರಂಗಿಗಳನ್ನು ಓದುವ ಬಗೆ

ಸೇತುವೆ ಮುಗಿದಲ್ಲಿ ಕೋಟೆಯ ಆವರಣ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವ ಎಲ್ಲ ಫಿರಂಗಿಗಳೂ 1942ರಲ್ಲಿ ಇಲ್ಲಿದ್ದವಲ್ಲ. ಶರಣಾಗುವ ಮುನ್ನ ಬ್ರಿಟಿಷರು ತಮ್ಮ ಕರಾವಳಿ ಫಿರಂಗಿಗಳನ್ನು ತಾವೇ ಹಾಳುಗೆಡವಿದರು. 1974ರಲ್ಲಿ ಕೋಟೆಯನ್ನು ಜನರಿಗೆ ತೆರೆದ ಮೇಲೆ ಬೇರೆ ಬೇರೆ ಕಡೆಯಿಂದ ಹಳೆಯ ಫಿರಂಗಿಗಳನ್ನು ತಂದು ಇಲ್ಲಿ ಸೇರಿಸಿದ್ದಾರೆ. ಹಾಗಾಗಿ ನೂರಾರು ವರ್ಷಗಳ ಫಿರಂಗಿ ವಿದ್ಯೆ ಒಂದೇ ಗುಡ್ಡದಲ್ಲಿ ಸಿಗುತ್ತದೆ.

ಎಲ್ಲ ಫಲಕ ಓದುತ್ತಾ ಹೋದರೆ ತಲೆ ತುಂಬಿಹೋಗುತ್ತದೆ. ಮೂರು ಬಗೆಯನ್ನು ಗುರುತಿಸಿದರೆ ಸಾಕು.

ಮೊದಲನೆಯದು ಬಾಯಿಂದ ಮದ್ದು ತುಂಬುವ ಫಿರಂಗಿ. ಕೋಟೆ ಕಟ್ಟಿದ ಕಾಲದ್ದು, ಏಳು ಇಂಚಿನದು. ದಪ್ಪ ಹೊಟ್ಟೆ, ಗಿಡ್ಡ ಮೈ. ಪ್ರತಿ ಸಲವೂ ಸೈನಿಕರು ಮುಂದೆ ಬಂದು, ನಳಿಗೆಯ ಬಾಯಿಗೆ ಮದ್ದು, ಗುಂಡು ಎರಡನ್ನೂ ತಳ್ಳಬೇಕಿತ್ತು. ಅಂದರೆ ಶತ್ರುವಿಗೆ ಮುಖ ತೋರಿಸಿ ನಿಲ್ಲಬೇಕು. ನಳಿಗೆಯೊಳಗೆ ಇಣುಕಿ ನೋಡಿ, ಸುರುಳಿ ಸುರುಳಿಯಾಗಿ ಗೀರುಗಳು ಕಾಣುತ್ತವೆ. ಗುಂಡು ತಿರುಗುತ್ತಾ ಹೊರಬಂದು ನೇರವಾಗಿ ಹೋಗಲಿ ಎಂದು ಕೊರೆದದ್ದು ಅದು.

ಎರಡನೆಯದು ಹಿಂಭಾಗದ ಬಾಗಿಲು ತೆರೆದು ತುಂಬುವ ಆರು ಇಂಚಿನ ಫಿರಂಗಿ. ನಳಿಗೆ ಉದ್ದ, ಮೈ ತೆಳು. ಗುಂಡು ಒಂದಕ್ಕೆ ಸುಮಾರು 45 ಕಿಲೋ. 1942ರಲ್ಲಿ ಸಿಲೋಸೋದ ಮುಖ್ಯ ಬಲ ಇಂಥ ಎರಡು ಫಿರಂಗಿಗಳು. ಇವುಗಳ ಬುಡದ ಚಕ್ರವನ್ನು ಗಮನಿಸಿ. ಇದು ತಿರುಗಬಲ್ಲದು. ಇದೂ ಮುಂದೆ ಬೇಕಾಗುವ ವಿಷಯ.

ಮೂರನೆಯವು ಸಣ್ಣ ಫಿರಂಗಿಗಳು, ನೀರಿಗೆ ಹತ್ತಿರವಾಗಿ ಕೂರಿಸಿದವು. ದೊಡ್ಡ ಫಿರಂಗಿಗೆ ಸಿಗದಷ್ಟು ವೇಗವಾಗಿ ನುಗ್ಗುವ ಟಾರ್ಪೆಡೋ ದೋಣಿಗಳಿಗೆ ಇವು. ರಾತ್ರಿ ಸರ್ಚ್‌ಲೈಟ್ ಬೆಳಕಿನಲ್ಲಿ ಪಟಪಟನೆ ಹೊಡೆಯಬೇಕಿತ್ತು. ಮಕ್ಕಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ: ದೂರಕ್ಕೆ ದೊಡ್ಡದು, ಹತ್ತಿರಕ್ಕೆ ಚಿಕ್ಕದು, ಕತ್ತಲಿಗೆ ದೀಪ.

ಕೆಳಗೆ, ಮದ್ದಿನ ಮನೆಗೆ

ನನಗೆ ಈ ಕೋಟೆಯಲ್ಲಿ ತುಂಬ ಇಷ್ಟವಾದ ಭಾಗ ಇದು. ಫಿರಂಗಿಯ ಬುಡದಿಂದ ಕೆಳಗಿಳಿದರೆ ಇಟ್ಟಿಗೆಯ ಸುರಂಗಗಳು. ಒಂದರ ಒಳಗೆ ಕಾಲಿಡುತ್ತಲೇ ಬಿಸಿಲು ಮಾಯವಾಗಿ ಮೈಗೆ ತಂಪು ತಾಕುತ್ತದೆ. ಶ್ರೀರಂಗಪಟ್ಟಣದ ಮದ್ದಿನಮನೆ ಹೊಕ್ಕವರಿಗೆ ಆ ಗೋಡೆಗಳ ದಪ್ಪ ನೆನಪಾಗಬಹುದು.

ಆ ಕಾಲದ ಬ್ರಿಟಿಷ್ ಕೋಟೆಗಳಲ್ಲಿ ಮದ್ದಿನ ಕೋಣೆಯ ದೊಡ್ಡ ಭಯ ಶತ್ರುವಿನದಲ್ಲ, ದೀಪದ್ದು. ಕರೆಂಟ್ ಇರಲಿಲ್ಲ. ಎಣ್ಣೆಯ ದೀಪ ಒಳಗೆ ತಂದರೆ ಒಂದು ಕಿಡಿ ಸಾಕು, ಗುಡ್ಡವೇ ಹಾರಿಹೋಗುತ್ತದೆ. ಅದಕ್ಕೆ ಕೋಣೆಯ ಪಕ್ಕದಲ್ಲೇ ದೀಪಕ್ಕೆಂದು ಬೇರೆ ಓಣಿ. ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿ. ಗಾಜಿನ ಆಚೆ ದೀಪ, ಈಚೆ ಬೆಳಕು ಮಾತ್ರ. ಒಳಗೆ ಕೆಲಸ ಮಾಡುವವರು ಬಟ್ಟೆ ಬದಲಿಸಿ, ಕಬ್ಬಿಣದ ಮೊಳೆ ಇರುವ ಬೂಟು ಬಿಚ್ಚಿಟ್ಟೇ ಹೋಗಬೇಕಿತ್ತು. ಕಲ್ಲಿಗೆ ಮೊಳೆ ತಾಗಿ ಕಿಡಿ ಏಳಬಾರದು ಎಂದು. ಕೆಳಗಿನಿಂದ ಗುಂಡನ್ನು ಮೇಲಿನ ಫಿರಂಗಿಗೆ ಏರಿಸಲು ಪ್ರತ್ಯೇಕ ಗೂಡು. ಸುರಂಗದಲ್ಲಿ ನಡೆಯುವಾಗ ಗೋಡೆಯ ತೂತುಗಳನ್ನು, ಛಾವಣಿಯ ಸಂದುಗಳನ್ನು ನೋಡಿ. ಪ್ರತಿಯೊಂದಕ್ಕೂ ಒಂದು ಕೆಲಸ ಇತ್ತು.

ಕೆಲವು ಕಡೆ ಛಾವಣಿ ತಗ್ಗು, ಎತ್ತರದವರು ತಲೆ ಬಗ್ಗಿಸಿ. ಬೆಳಕು ಕಡಿಮೆ ಇರುವುದರಿಂದ ಮೊಬೈಲ್ ಟಾರ್ಚ್ ಕೈಯಲ್ಲಿರಲಿ. ಉಸಿರಾಟದ ತೊಂದರೆ ಇರುವವರು, ಇಕ್ಕಟ್ಟಿನ ಜಾಗದ ಭಯ ಇರುವವರು ಹೊರಗೆ ಕುಳಿತು ಕಾಯುವುದೇ ಒಳ್ಳೆಯದು. ಹೊರಗೆ ನವಿಲುಗಳು ಓಡಾಡುತ್ತಿರುತ್ತವೆ, ಅವುಗಳ ಕೂಗು ಕೇಳುತ್ತಾ ಕೂರಬಹುದು. ಕೋತಿಗಳು ಬಂದರೆ ಏನೂ ತಿನ್ನಲು ಕೊಡಬೇಡಿ, ಸಿಂಗಾಪುರದಲ್ಲಿ ಅದಕ್ಕೆ ದಂಡ ಇದೆ.

ತಪ್ಪು ದಿಕ್ಕಿನ ಕಥೆಯನ್ನು ನಂಬಬೇಡಿ

ಈಗ ಮತ್ತೆ ಮೇಲೆ ಬಂದು ಆರು ಇಂಚಿನ ಫಿರಂಗಿಯ ಬಳಿ ನಿಲ್ಲಿ. ಟೂರ್ ಗುಂಪುಗಳಲ್ಲಿ ಒಂದು ಮಾತು ಕೇಳಿಯೇ ಕೇಳುತ್ತೀರಿ: ‘ಬ್ರಿಟಿಷರ ಫಿರಂಗಿಗಳೆಲ್ಲ ಸಮುದ್ರದ ಕಡೆಗಿದ್ದವು, ಜಪಾನಿಗಳು ಹಿಂದಿನಿಂದ ಬಂದರು, ಅದಕ್ಕೇ ಸೋತರು.’ ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ.

ಆದದ್ದು ಹೀಗೆ. 1941ರ ಡಿಸೆಂಬರ್ 8ರಂದು ಜಪಾನಿ ಸೇನೆ ದೂರದ, ಮಲಯದ ಈಶಾನ್ಯ ಕರಾವಳಿಯ ಕೋಟಾ ಬಾರುವಿನಲ್ಲಿ ಇಳಿಯಿತು. ಮಲಯ ಪರ್ಯಾಯ ದ್ವೀಪದ ಉದ್ದಕ್ಕೂ ಕೆಳಗಿಳಿದು ಬಂದಿತು, ಬಹಳಷ್ಟು ಸೈನಿಕರು ಸೈಕಲ್ ತುಳಿದೇ ಬಂದರು. 1942ರ ಫೆಬ್ರವರಿ 8ರ ರಾತ್ರಿ ಜೋಹೊರ್ ಜಲಸಂಧಿ ದಾಟಿ ಸಿಂಗಾಪುರದ ವಾಯವ್ಯ ದಡಕ್ಕೆ ಕಾಲಿಟ್ಟಿತು. ಒಂದೇ ವಾರ. ಫೆಬ್ರವರಿ 15ಕ್ಕೆ ಬ್ರಿಟಿಷರು ಶರಣಾದರು.

ಆ ವಾರದಲ್ಲಿ ಸಿಂಗಾಪುರದ ದೊಡ್ಡ ಫಿರಂಗಿಗಳು ಸುಮ್ಮನಿರಲಿಲ್ಲ. ಬಹಳಷ್ಟು ಫಿರಂಗಿಗಳು ನೆಲದ ಕಡೆಗೆ ತಿರುಗಿ ಗುಂಡು ಹಾರಿಸಿದವು. ಸಿಲೋಸೋದ ಫಿರಂಗಿಗಳೂ ತಿರುಗಿದವು. ಆದರೆ ಗುಂಡುಗಳು ಮಾಡಿದ್ದು ಹಡಗಿಗಾಗಿ. ಅವುಗಳಲ್ಲಿ ಹೆಚ್ಚಿನವು ದಪ್ಪ ಉಕ್ಕನ್ನು ಸೀಳಿ ಒಳಹೊಕ್ಕು ಆಮೇಲೆ ಸಿಡಿಯುವಂಥವು. ಅಂಥ ಗುಂಡು ರಬ್ಬರ್ ತೋಟದ ಮೆತ್ತನೆ ಮಣ್ಣಿಗೆ ಬಿದ್ದರೆ ಏನಾಗುತ್ತದೆ? ಆಳಕ್ಕೆ ಹೂತುಹೋಗುತ್ತದೆ. ಸೈನಿಕರ ಮೇಲೆ ಚೂರು ಚೂರಾಗಿ ಸಿಡಿಯುವ ಗುಂಡುಗಳ ದಾಸ್ತಾನು ತೀರಾ ಕಡಿಮೆ ಇತ್ತು. ಆಕಾಶದಲ್ಲಿ ಜಪಾನಿ ವಿಮಾನಗಳದ್ದೇ ರಾಜ್ಯ. ಕೊನೆಗೆ ನಗರಕ್ಕೆ ಕುಡಿಯುವ ನೀರೂ ಇಲ್ಲದ ಸ್ಥಿತಿ ಬಂತು.

ಈ ಕೋಟೆಯ ಫಿರಂಗಿಗಳಿಗೆ ಕೊನೆಗೆ ಸಿಕ್ಕ ಗುರಿಗಳಲ್ಲಿ ಒಂದು ಯಾವುದು ಗೊತ್ತಾ? ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಬುಕೊಮ್ ದ್ವೀಪ. ಅಲ್ಲಿದ್ದ ತೈಲ ಜಪಾನಿಗಳ ಕೈಗೆ ಸಿಗಬಾರದೆಂದು ತಮ್ಮದೇ ಟ್ಯಾಂಕುಗಳ ಮೇಲೆ ಇಲ್ಲಿಂದ ಗುಂಡು ಹಾರಿಸಿದರು. ಹಡಗಿಗಾಗಿ ದಶಕಗಳ ಕಾಲ ಕಾದ ಫಿರಂಗಿ ಸ್ವಂತ ತೈಲವನ್ನು ಸುಟ್ಟಿತು. ಸ್ಕೈವಾಕ್‌ನಿಂದ ಆ ದಿಕ್ಕಿಗೆ ನೋಡಿದ್ದು ಈಗ ಬೇರೆಯೇ ಥರ ಕಾಣುತ್ತದೆ, ಅಲ್ವಾ?

ಇನ್ನೂ ಒಂದು ವಿಷಯ ಹೇಳಲೇಬೇಕು, ಮಕ್ಕಳ ಮುಂದೆ ಹೇಗೆ ಹೇಳಬೇಕೆಂದು ನೀವೇ ನಿರ್ಧರಿಸಿ. ಸಿಂಗಾಪುರ ಕೈಗೆ ಬಂದ ಮೇಲೆ ಜಪಾನಿ ಸೇನೆ ಚೀನೀ ಮೂಲದ ಗಂಡಸರನ್ನು ಹುಡುಕಿ ಹುಡುಕಿ ಕೊಂದಿತು. ಸೂಕ್ ಚಿಂಗ್ ಎಂದು ಆ ಹತ್ಯಾಕಾಂಡದ ಹೆಸರು. ಇದೇ ದ್ವೀಪದ ದಡಕ್ಕೂ ನೂರಾರು ಹೆಣಗಳು ತೇಲಿಬಂದವು. ಸೆರೆಯಾಗಲು ಕಾಯುತ್ತಿದ್ದ ಬ್ರಿಟಿಷ್ ಫಿರಂಗಿ ಸೈನಿಕರು ಅವನ್ನು ಹೂಳಿದರು. ಸಿಲೋಸೋ ಕೂಡ ಯುದ್ಧಕೈದಿಗಳ ಶಿಬಿರವಾಯಿತು. ಕೆಳಗಿನ ಬೀಚಿನಲ್ಲಿ ಆಡುವ ಮಕ್ಕಳ ಕೂಗು ಇಲ್ಲಿಯವರೆಗೂ ಕೇಳುತ್ತದೆ. ಫಿರಂಗಿಯ ಮೇಲೆ ಹತ್ತಿ ಕೂತು ಫೋಟೋ ತೆಗೆಯುವುದು ಬೇಡ ಎಂದು ನಾನು ಕೈಮುಗಿದು ಕೇಳುವುದು ಇದಕ್ಕೇ.

ಕೊನೆಗೆ ಶರಣಾಗತಿಯ ಕೋಣೆಗಳು

ಸರೆಂಡರ್ ಚೇಂಬರ್ಸ್ ಎಂದು ಫಲಕ ಇರುತ್ತದೆ. ಒಳಗೆ ಹವಾನಿಯಂತ್ರಣ ಇದೆ, ಅದಕ್ಕೂ ಇದನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕಡಿಮೆ ಎಂದರೂ ಮುಕ್ಕಾಲು ಗಂಟೆ ಕೊಡಿ. ಇಲ್ಲಿ ಎರಡು ಶರಣಾಗತಿಗಳನ್ನು ಮೇಣದ ಗೊಂಬೆಗಳಲ್ಲಿ ತೋರಿಸಿದ್ದಾರೆ.

ಮೊದಲನೆಯದು 1942ರ ಫೆಬ್ರವರಿ 15, ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆ. ಮೇಜಿನ ಒಂದು ಬದಿಗೆ ಬ್ರಿಟಿಷ್ ಸೇನಾಧಿಪತಿ ಪರ್ಸಿವಲ್, ಎದುರಿಗೆ ಜಪಾನಿನ ಯಾಮಾಶಿತಾ. ಎರಡನೆಯದು 1945ರ ಸೆಪ್ಟೆಂಬರ್ 12, ನಗರದ ಮುನಿಸಿಪಲ್ ಕಟ್ಟಡ. ಈ ಸಲ ಸಹಿ ಹಾಕುವ ಸರದಿ ಜಪಾನಿಗಳದ್ದು. ಕಾಯಿಲೆ ಬಿದ್ದಿದ್ದ ಜಪಾನಿ ದಕ್ಷಿಣ ಸೇನೆಯ ಮುಖ್ಯಸ್ಥ ತೆರೌಚಿಯ ಪರವಾಗಿ ಜನರಲ್ ಇತಾಗಾಕಿ ಸಹಿ ಹಾಕಿದ. ಶರಣಾಗತಿ ಸ್ವೀಕರಿಸಿದವರು ಮೌಂಟ್‌ಬ್ಯಾಟನ್.

ಈ ಎರಡನೇ ಕೋಣೆಯಲ್ಲಿ ಕನ್ನಡ ನಾಡಿನವರು ಒಂದು ಗಳಿಗೆ ಜಾಸ್ತಿ ನಿಲ್ಲಬೇಕು. ಆ ದಿನ ಆ ಸಭೆಯಲ್ಲಿ ಭಾರತದ ಸೇನೆಯ ಪ್ರತಿನಿಧಿಯಾಗಿದ್ದವರು ಬ್ರಿಗೇಡಿಯರ್ ಕೆ. ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದವರು, ಬರ್ಮಾದ ಅರಾಕಾನ್‌ನಲ್ಲಿ ಜಪಾನಿಗಳ ವಿರುದ್ಧ ಹೋರಾಡಿದವರು, ಮುಂದೆ 1957ರಲ್ಲಿ ಸ್ವತಂತ್ರ ಭಾರತದ ಭೂಸೇನಾ ಮುಖ್ಯಸ್ಥರಾದವರು. ಅದೇ ಮನೆಯ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದ್ದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಇಬ್ಬರಿಗೂ ಬೇಕಿದ್ದದ್ದು ಭಾರತದ ಒಳ್ಳೆಯದೇ ಎಂದು ನಾನು ನಂಬುತ್ತೇನೆ. ಮಕ್ಕಳಿಗೆ ಈ ಕಥೆಯನ್ನು ಆ ಕೋಣೆಯಲ್ಲೇ ಹೇಳಿ. ತಿಮ್ಮಯ್ಯನವರು ಹುಟ್ಟಿ ಬೆಳೆದ ಮಡಿಕೇರಿಯ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮುಂದಿನ ಸಲ ಕೊಡಗಿಗೆ ಹೋದಾಗ ಅಲ್ಲಿಗೂ ಕರೆದುಕೊಂಡು ಹೋಗಿ.

ನಿಜವಾದ ಸಭಾಂಗಣ ನೋಡುವ ಆಸೆ ಇದ್ದರೆ ಅದೂ ಆಗುತ್ತದೆ. ಆ ಮುನಿಸಿಪಲ್ ಕಟ್ಟಡ ಆಮೇಲೆ ಸಿಟಿ ಹಾಲ್ ಆಯಿತು, ಈಗ ಸಿಂಗಾಪುರದ ನ್ಯಾಷನಲ್ ಗ್ಯಾಲರಿಯ ಭಾಗ. ಫೋರ್ಡ್ ಕಾರ್ಖಾನೆಯೂ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಆದರೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಹಿರಿಯರು, ಮಕ್ಕಳು ಜೊತೆಗಿದ್ದರೆ

ಲಿಫ್ಟು, ಸ್ಕೈವಾಕ್, ಶರಣಾಗತಿಯ ಕೋಣೆಗಳು, ದಾರಿಯಲ್ಲಿ ಸಿಗುವ ಒಂದೆರಡು ಫಿರಂಗಿ. ಮಂಡಿನೋವು ಇರುವವರಿಗೆ ಇಷ್ಟು ಸಾಕು. ಸುರಂಗ, ನೀರಿನ ಹತ್ತಿರದ ಫಿರಂಗಿಗಳಿಗೆ ಇಳಿಜಾರು, ಮೆಟ್ಟಿಲು ಇವೆ. ಒಳಗೆ ತಿಂಡಿಯ ಆಸೆ ಇಟ್ಟುಕೊಳ್ಳಬೇಡಿ, ಚಿಕ್ಕ ಮಕ್ಕಳಿಗೆ ಏನಾದರೂ ಕಟ್ಟಿಕೊಂಡು ಹೋಗಿ. ಕೋಟೆಗೆ ಎರಡೂವರೆ ಗಂಟೆ, ಓಡಾಟಕ್ಕೆ ಒಂದೂವರೆ ಗಂಟೆ, ಇದೇ ನಾನು ಹೇಳಿದ ಅರ್ಧ ದಿನ.

ಊಟಕ್ಕೆ ಮುನ್ನ ಒಂದು ನಿಲ್ದಾಣ ಮುಂದೆ

ಮಧ್ಯಾಹ್ನ ಹಾರ್ಬರ್‌ಫ್ರಂಟ್‌ಗೆ ವಾಪಸ್ ಬಂದಾಗ ಹೊಟ್ಟೆ ಹಸಿದಿರುತ್ತದೆ. ಸಸ್ಯಾಹಾರಿಗಳು ಬೀಚಿನಲ್ಲಿ ಹುಡುಕುತ್ತಾ ಅಲೆಯುವುದಕ್ಕಿಂತ ಅದೇ ನೇರಳೆ ಲೈನ್ ಹಿಡಿಯಿರಿ. ಅಲ್ಲಿಂದ ಐದನೇ ನಿಲ್ದಾಣವೇ ಲಿಟಲ್ ಇಂಡಿಯಾ. ತಡೆಯುವಷ್ಟು ಹಸಿವಿದ್ದರೆ ಅಲ್ಲಿ ಇಳಿಯದೆ ಇನ್ನೊಂದು ನಿಲ್ದಾಣ ಮುಂದೆ ಹೋಗಿ, ಫ್ಯಾರರ್ ಪಾರ್ಕ್‌ನಲ್ಲಿ ಇಳಿಯಿರಿ.

ಶರಣಾಗತಿಯಾಗಿ ಎರಡು ದಿನಕ್ಕೆ, 1942ರ ಫೆಬ್ರವರಿ 17ರಂದು, ಬ್ರಿಟಿಷರು ತಮ್ಮ ಭಾರತೀಯ ಸೈನಿಕರನ್ನು ಇಲ್ಲಿನ ಬಯಲಿನಲ್ಲಿ ಸೇರಿಸಿ ಜಪಾನಿಗಳಿಗೆ ಒಪ್ಪಿಸಿದರು. ಸುಮಾರು 45,000 ಜನ. ಬ್ರಿಟಿಷ್, ಆಸ್ಟ್ರೇಲಿಯನ್ ಸೈನಿಕರನ್ನು ಸಿಂಗಾಪುರದ ಪೂರ್ವ ತುದಿಯ ಚಾಂಗಿಯ ಸೆರೆಶಿಬಿರಕ್ಕೆ ಕಳಿಸಿ, ನಮ್ಮವರನ್ನು ಮಾತ್ರ ಬೇರೆ ಮಾಡಿದ್ದರು. ಆಜಾದ್ ಹಿಂದ್ ಫೌಜ್ ಮೊಳೆತದ್ದು ಆ ಬಯಲಿನಿಂದ. ಸೇರಲು ಒಪ್ಪದ ಎಷ್ಟೋ ಜನರನ್ನು ಕೈದಿಗಳಾಗಿ ದೂರದ ದ್ವೀಪಗಳಿಗೆ ದುಡಿಯಲು ಸಾಗಿಸಿದರು. ಹಲವರು ವಾಪಸ್ ಬರಲೇ ಇಲ್ಲ.

ಅಲ್ಲಿಂದ ಸೆರಂಗೂನ್ ರಸ್ತೆಯಲ್ಲಿ ಲಿಟಲ್ ಇಂಡಿಯಾ ಕಡೆಗೆ ವಾಪಸ್ ನಡೆಯಿರಿ, ಹದಿನೈದು ನಿಮಿಷ ಸಾಕು. ಹೂವಿನ ಅಂಗಡಿಗಳು ಶುರುವಾಗುತ್ತವೆ, ಆಮೇಲೆ ಫಿಲ್ಟರ್ ಕಾಫಿಯ ವಾಸನೆ. ಬಾಳೆಎಲೆ ಊಟ ಬೇಕಾದವರಿಗೆ ಅದೂ ಸಿಗುತ್ತದೆ, ದೋಸೆ ಬೇಕಾದವರಿಗೆ ಅದೂ.